ಕ್ಯಾಮೆರಾ ಹಿಡಿದವಳಿಗೆ ಒಂದು ಬೆಟ್ಟ ಸಾಕು

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತುದಿಯಲ್ಲಿ ನಿಂತು ಸೂರ್ಯೋದಯದ ಚಿತ್ರ ತೆಗೆಯಲು ಸಾಧ್ಯವಿಲ್ಲ. ಸೂರ್ಯಾಸ್ತವೂ ಸಿಗುವುದಿಲ್ಲ. ಬೆಳಿಗ್ಗೆ ಎಂಟು, ಎಂಟೂವರೆಯ ಹೊತ್ತಿಗೆ ತೆರೆಯುವ ದಾರಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಖಾಸಗಿ ವಾಹನಗಳೆಲ್ಲ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್ಆರ್‌ಟಿಸಿ ಬಸ್ಸೇ ಗತಿ. ರಾತ್ರಿ ಉಳಿಯುವಂತಿಲ್ಲ. ಭೂದೃಶ್ಯ ಛಾಯಾಗ್ರಹಣದ ಪುಸ್ತಕಗಳೆಲ್ಲ ಹೊಗಳುವ ಆ ಎರಡು ಹೊನ್ನಿನ ಗಳಿಗೆಗಳು ಇಲ್ಲಿ ಕಾನೂನಿನ ಆಚೆಗಿವೆ.

ಹಾಗಿದ್ದೂ ಈ ಕೆಲಸವನ್ನು ಒಬ್ಬಳೇ ಆರಂಭಿಸಬೇಕೆಂದಿರುವ ಹೆಣ್ಣುಮಗಳಿಗೆ ನಾನು ಮೊದಲು ಹೇಳುವ ಹೆಸರು ಈ ಬೆಟ್ಟದ್ದೇ. ಲಡಾಖ್, ಸ್ಪಿತಿ, ಐಸ್‌ಲ್ಯಾಂಡ್ ಎಂದು ಕನಸು ಕಾಣುವುದು ತಪ್ಪಲ್ಲ. ಆದರೆ ಒಮ್ಮೆ ಹೋಗಿ ಬಂದ ಜಾಗದ ಚಿತ್ರಗಳಿಂದ ವೃತ್ತಿ ಕಟ್ಟುವುದು ಕಷ್ಟ, ಏಕೆಂದರೆ ಅಂಥ ಚಿತ್ರ ನಿಮ್ಮಂತೆ ಒಮ್ಮೆ ಹೋಗಿ ಬಂದ ಸಾವಿರಾರು ಜನರ ಹತ್ತಿರವೂ ಇರುತ್ತದೆ. ಒಂದೇ ಬೆಟ್ಟ, ಅದರ ಸುತ್ತಲಿನ ಒಂದೇ ತಾಲ್ಲೂಕು, ಅಲ್ಲಿನ ಎಲ್ಲ ಋತು: ಇಷ್ಟನ್ನು ಆಳವಾಗಿ ಬಲ್ಲವರು ಬಹಳ ಕಡಿಮೆ. ಪದೇ ಪದೇ ಅದೇ ಊರಿಗೆ ಹೋಗುವವಳನ್ನು ಊರು ಗುರುತಿಸುತ್ತದೆ. ಒಂಟಿಯಾಗಿ ಓಡಾಡುವವಳಿಗೆ ಆ ಗುರುತೇ ಮೊದಲ ಕಾವಲು, ಅದೇ ಬಂಡವಾಳ ಕೂಡ.

ಬಂಡೀಪುರದ ಇತಿಹಾಸದಲ್ಲೇ ಈ ಬೆಟ್ಟದ ಹೆಸರಿದೆ. 1931ರಲ್ಲಿ ಮೈಸೂರು ಮಹಾರಾಜರ ಆಡಳಿತ ಇಲ್ಲಿ ಚಿಕ್ಕದೊಂದು ವನ್ಯಧಾಮ ಮಾಡಿತು. ಕೆಲವು ವರ್ಷಗಳಲ್ಲಿ ಅದು ಸುಮಾರು 800 ಚದರ ಕಿಲೋಮೀಟರ್‌ಗೆ ಬೆಳೆದಾಗ ಇಟ್ಟುಕೊಂಡ ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ, ಬೆಟ್ಟದ ಮೇಲಿನ ದೇವರದೇ ಹೆಸರು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಸೇರಿತು. 1454 ಮೀಟರ್ ಎತ್ತರದ ಈ ಬೆಟ್ಟ ಆ ಕಾಡಿನ ಅತಿ ಎತ್ತರದ ತುದಿ. ಹಾಗಾಗಿ ಇಲ್ಲಿ ಕ್ಯಾಮೆರಾ ಹಿಡಿದು ನಿಂತವಳು ದೇವಸ್ಥಾನದ ಅಂಗಳದಲ್ಲಿ ಇದ್ದಂತೆಯೂ ಹೌದು, ಹುಲಿ ಮೀಸಲಿನ ಒಳಗೆ ಇದ್ದಂತೆಯೂ ಹೌದು. ಎರಡರ ಶಿಸ್ತೂ ಒಟ್ಟಿಗೆ ಬೇಕು.

ಬೆಟ್ಟದ ಮೇಲಿನಿಂದ, ಬೆಟ್ಟದ ಕೆಳಗಿನಿಂದ

ತುದಿಯಲ್ಲಿ ಸಿಗುವ ಹೊತ್ತಿನ ಒಡವೆ ಮಂಜು. ಮಳೆಗಾಲದಲ್ಲಿ ಅದು ಮಧ್ಯಾಹ್ನವೂ ಬಿಡುವುದಿಲ್ಲ. ಮಂಜಿನಲ್ಲಿ ಕ್ಯಾಮೆರಾದ ಅಳತೆಯನ್ನು ನಂಬಬೇಡಿ. ಬಿಳಿಯನ್ನೆಲ್ಲ ಅದು ಬೂದು ಮಾಡಲು ಹೊರಡುತ್ತದೆ, ಚಿತ್ರ ಕಂದಿಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಪ್ಲಸ್ ಮುಕ್ಕಾಲಿನಿಂದ ಪ್ಲಸ್ ಒಂದೂಕಾಲು ಸ್ಟಾಪ್‌ನವರೆಗೆ ಏರಿಸಿ, ಹಿಸ್ಟೋಗ್ರಾಮ್ ಬಲಗಡೆಯ ಗೋಡೆಗೆ ಬಡಿಯದಂತೆ ನೋಡಿಕೊಳ್ಳಿ. ಆಟೋಫೋಕಸ್ ತಡಕಾಡಿದರೆ ಮ್ಯಾನುಯಲ್‌ಗೆ ಬನ್ನಿ, ಇಲ್ಲವೇ ಗೋಪುರದ ಅಂಚು, ಮರದ ಕಾಂಡದಂಥ ಕಪ್ಪು–ಬಿಳಿ ಕೂಡುವ ಗೆರೆಯ ಮೇಲೆ ಫೋಕಸ್ ಕಟ್ಟಿ. ಮಂಜಿನ ಚಿತ್ರಕ್ಕೆ ಒಂದು ಗಾಢವಾದ ಆಧಾರ ಬೇಕೇ ಬೇಕು. ಅದನ್ನು ಮೊದಲೇ ಗುರುತಿಸಿ ಚೌಕಟ್ಟು ಕಟ್ಟಿಟ್ಟುಕೊಂಡು ಕಾಯಬೇಕು. ತೆರೆ ಸರಿದು ಕಣಿವೆ ಕಾಣಿಸುವುದು ಕೆಲವೇ ಕ್ಷಣ. ಆಗ ಲೆನ್ಸ್ ಬದಲಿಸಲು ಹೊರಟರೆ ಕೆಲಸ ಕೆಟ್ಟಿತು.

ಹೊಸಬರೆಲ್ಲ ಅಗಲದ ಲೆನ್ಸ್ ಕೊಳ್ಳುತ್ತಾರೆ. ಈ ಬೆಟ್ಟಕ್ಕೆ 70–200 ಹೆಚ್ಚು ಒದಗುತ್ತದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಕಾಡು, ಅದರಾಚೆಯ ಸಾಲುಬೆಟ್ಟಗಳು, ದೂರದ ನೀಲಗಿರಿ, ಇವೆಲ್ಲ ಪದರ ಪದರವಾಗಿ ಒಂದರ ಮೇಲೊಂದು ಕೂರುವುದು ಉದ್ದದ ಲೆನ್ಸಿನಲ್ಲೇ. ಅಗಲದ ಲೆನ್ಸಿನಲ್ಲಿ ಅದೇ ನೋಟ ತೆಳ್ಳಗಿನ ಒಂದು ಗೆರೆಯಾಗಿ ಸೋತುಹೋಗುತ್ತದೆ. ಒದ್ದೆ ಎಲೆಯ ಹೊಳಪು ತಗ್ಗಿಸಲು ಪೋಲರೈಸರ್ ಇರಲಿ. ಕೆಳಗಿಳಿದ ಮೇಲೆ ತಂಪಾದ ಕ್ಯಾಮೆರಾವನ್ನು ಬಿಸಿ ಗಾಳಿಗೆ ತಟ್ಟನೆ ತೆರೆದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಚೀಲದ ಜಿಪ್ ಹಾಗೇ ಇರಲಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮನೆಯಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇಲ್ಲದಿದ್ದರೆ ಒಂದು ಮಳೆಗಾಲದಲ್ಲೇ ಲೆನ್ಸಿಗೆ ಬೂಷ್ಟು ಹಿಡಿಯಬಹುದು.

ಇನ್ನು ಬೆಳಗು, ಬೈಗು. ಅವಕ್ಕೆ ಬೆಟ್ಟ ಇಳಿಯಬೇಕು. ಹಂಗಳ, ಗೋಪಾಲಪುರದ ಕಡೆಯ ಹೊಲಗಳಿಂದ ಬೆಟ್ಟ ಪಶ್ಚಿಮದಲ್ಲಿ ಕಾಣುತ್ತದೆ. ಹಾಗಾಗಿ ಬೆಳಗಿನ ಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತದೆ, ಸಂಜೆ ಬೆಟ್ಟ ಕಪ್ಪಾಗಿ ನಿಂತು ಮುಂದಿನ ಹೂವಿನ ಎಸಳುಗಳು ಹಿಂಬೆಳಕಿನಲ್ಲಿ ಉರಿಯುತ್ತವೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಇಲ್ಲಿ ಚೆಂಡು ಹೂವು, ಸೂರ್ಯಕಾಂತಿ. ಚೆಂಡು ಹೂವನ್ನು ಇಲ್ಲಿನ ರೈತರು ಬಣ್ಣ ತೆಗೆಯುವ ಕಂಪನಿಗಳಿಗೆ ಒಪ್ಪಂದದ ಮೇಲೆ ಬೆಳೆಯುತ್ತಾರೆ. ಕೊಯ್ಲು ಮೂಟೆಗಟ್ಟಲೆ ಆಗುತ್ತದೆ, ಕೊಯ್ಯುವವರಲ್ಲಿ ಹೆಣ್ಣಾಳುಗಳೇ ಹೆಚ್ಚು. ಪ್ರವಾಸಿಗರ ಫೋನಿನಲ್ಲಿ ಬರೀ ಹಳದಿ ಬಣ್ಣ ತುಂಬಿರುತ್ತದೆ. ನಿಮ್ಮ ಚಿತ್ರದಲ್ಲಿ ಬೆಟ್ಟ, ಬೆಳೆ, ದುಡಿಮೆ ಮೂರೂ ಇರಲಿ. ಮುಂದೆ ಮಾರಾಟವಾಗುವುದು ಅಂಥದ್ದು.

ಹೂವಿನ ತಿಂಗಳು ಮುಗಿದ ಮೇಲೆ ಈ ಕಡೆಗೆ ಕ್ಯಾಮೆರಾಗಳು ಬರುವುದು ಕಡಿಮೆಯಾಗುತ್ತದೆ. ನಿಮ್ಮ ಕೆಲಸ ಶುರುವಾಗಬೇಕಾದದ್ದು ಆಗಲೇ. ಅಕ್ಟೋಬರ್–ನವೆಂಬರ್‌ನ ಹಿಂಗಾರಿನ ಮೋಡ, ಅರಿಶಿನದ ಹೊಲ, ಚಳಿಗಾಲದ ಬೆಳಗಿನ ಇಬ್ಬನಿ, ಬೇಸಿಗೆ ಹೊಸ್ತಿಲಲ್ಲಿ ಎಲೆ ಉದುರಿಸಿ ಕೆಂಪಾಗುವ ಮುತ್ತುಗ, ಏಪ್ರಿಲ್–ಮೇನಲ್ಲಿ ಹಳದಿ ಗೊಂಚಲು ಬಿಡುವ ಕಕ್ಕೆ, ಕಾಡಿನ ಅಂಚನ್ನೆಲ್ಲ ನುಂಗಿರುವ ಲಂಟಾನ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ವಲಯವೂ ಬೆಂದಿತು, ಸಾವಿರಾರು ಎಕರೆ ಕಾಡು ಸುಟ್ಟಿತು. ಬೆಂಕಿಗೆ ಮುಂಚಿನ ಬೆಟ್ಟ, ಕರಿಯಾದ ಬೆಟ್ಟ, ಮೊದಲ ಮಳೆಗೆ ಚಿಗುರಿದ ಬೆಟ್ಟ: ಈ ಮೂರನ್ನೂ ಒಂದೇ ಜಾಗದಿಂದ, ಒಂದೇ ಲೆನ್ಸಿನಲ್ಲಿ ತೆಗೆದಿಟ್ಟವರ ಹತ್ತಿರ ಪತ್ರಿಕೆಗಳೂ ಸಂಶೋಧಕರೂ ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ರಸ್ತೆ ಬದಿಯ, ಎಲ್ಲರೂ ನಿಲ್ಲಬಹುದಾದ ಐದಾರು ಜಾಗಗಳನ್ನು ಗೊತ್ತುಮಾಡಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಚೌಕಟ್ಟು. ತಾರೀಕು, ಹೊತ್ತು, ಊರು, ಬೆಳೆಯ ಹೆಸರನ್ನು ಆ ದಿನವೇ ಬರೆದಿಡಿ.

ಅನುಮತಿ ಎಲ್ಲಿ ಬೇಕು

ಫೋನಿನಲ್ಲೋ ಕೈ ಕ್ಯಾಮೆರಾದಲ್ಲೋ ಪ್ರವಾಸಿಯಂತೆ ತೆಗೆಯುವುದು ಬೇರೆ, ದುಡ್ಡಿಗಾಗಿ ತೆಗೆಯುವುದು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮು ಕಾಡಿನೊಳಗೆ ಹೋಗಲು ಪರವಾನಗಿ ಕೊಡಬಹುದಾದ ಉದ್ದೇಶಗಳ ಪಟ್ಟಿಯಲ್ಲಿ ಛಾಯಾಗ್ರಹಣವನ್ನೂ ಸೇರಿಸಿದೆ; ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ರೆಸಾರ್ಟ್, ಬಟ್ಟೆ ಕಂಪನಿ, ಮದುವೆಗೆ ಮುಂಚಿನ ಶೂಟ್, ಯಾವುದೇ ಆಗಲಿ, ಬೆಟ್ಟದ ಮೇಲೆ ಎಂದಾದರೆ ಮೊದಲು ಬಂಡೀಪುರದ ಹುಲಿ ಯೋಜನೆ ನಿರ್ದೇಶಕರ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಕೇಳಿ. ಗೇಟಿನ ಸಿಬ್ಬಂದಿ ಬಾಯಿಮಾತಿನಲ್ಲಿ ಹೇಳಿದ್ದು ಅನುಮತಿಯಲ್ಲ. 2025ರ ಏಪ್ರಿಲ್‌ನಲ್ಲಿ ಮಲಯಾಳಂ ಚಿತ್ರವೊಂದರ ಚಿತ್ರೀಕರಣ ಈ ಬೆಟ್ಟದಲ್ಲಿ ನಡೆದಾಗ ಪರಿಸರಾಸಕ್ತರು ತೀವ್ರವಾಗಿ ಆಕ್ಷೇಪಿಸಿದ್ದರು. ಅವರ ಆತಂಕ ನ್ಯಾಯವಾದದ್ದೇ. ಇಂಥ ಕಡೆ ಟ್ರೈಪಾಡ್ ಒಂದನ್ನು ಬಿಡಿಸಿದರೂ ಸಿಬ್ಬಂದಿಗೆ ಅನುಮಾನ ಬರುತ್ತದೆ, ಬರಲೂಬೇಕು. ಮುಂಚೆಯೇ ಕೇಳಿಕೊಂಡರೆ ಇಬ್ಬರಿಗೂ ನೆಮ್ಮದಿ. ಡ್ರೋನ್ ಮನೆಯಲ್ಲೇ ಇರಲಿ.

ಬೆಟ್ಟದ ಮೇಲೂ ಆನೆ ಬರುತ್ತದೆ, ದೇವಸ್ಥಾನದ ಹತ್ತಿರವೇ ಬಂದದ್ದುಂಟು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಫೋಟೋಗೆಂದು ವಾಹನದಿಂದ ಇಳಿದವರೊಬ್ಬರು ಅದರ ಕಾಲಡಿ ಬಿದ್ದೂ ಬದುಕಿಕೊಂಡರು, 25,000 ರೂಪಾಯಿ ದಂಡವನ್ನೂ ಕಟ್ಟಿದರು. ಕಾಡಿನ ದಾರಿಯಲ್ಲಿ ಇಳಿಯುವುದೇ ಬೇಡ. ಭೂದೃಶ್ಯದ ಚಿತ್ರಕ್ಕೆ ಪ್ರಾಣಿಯ ಹಿಂದೆ ಹೋಗುವ ಅಗತ್ಯವೂ ಇಲ್ಲ.

ಒಬ್ಬಳೇ ಓಡಾಡುವ ಬಗೆ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್, ಬಸ್ಸುಗಳು ಸಾಕಷ್ಟು. ಅಲ್ಲಿಂದ ಊಟಿ ರಸ್ತೆಯಲ್ಲಿ ಹಂಗಳ, ಹಂಗಳದಿಂದ ಬಲಕ್ಕೆ ಬೆಟ್ಟದ ದಾರಿ. ಒಟ್ಟು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆರಂಭದ ವರ್ಷದಲ್ಲಿ ದುಡಿಮೆಗಿಂತ ಓಡಾಟವೇ ಹೆಚ್ಚಿರುವವಳಿಗೆ ಈ ಉಳಿತಾಯ ಸಣ್ಣದಲ್ಲ. ನಾನಾಗಿದ್ದರೆ ಆ ದುಡ್ಡನ್ನು ಒಳ್ಳೆಯ ವಸತಿಗೆ ಹಾಕುತ್ತೇನೆ. ಗುಂಡ್ಲುಪೇಟೆ ಪಟ್ಟಣದೊಳಗೆ, ಕುಟುಂಬಗಳು ಇಳಿಯುವ, ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಕೋಣೆ. ಪ್ರತಿ ಬಾರಿಯೂ ಅದೇ ಲಾಡ್ಜ್ ಆದರೆ ಮತ್ತೂ ಒಳ್ಳೆಯದು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. ಊಟಿ, ವಯನಾಡಿನ ಕಡೆಯಿಂದ ಬರುವವರು ಇದನ್ನು ಲೆಕ್ಕ ಹಾಕಿಯೇ ಹೊರಡಬೇಕು.

ಬೆಳಗಿನ ಜಾವ ಹಂಗಳಕ್ಕೆ ಹೋಗಲು ಒಬ್ಬರೇ ನಂಬಿಕಸ್ತ ಆಟೊ ಚಾಲಕರನ್ನು ಗೊತ್ತುಮಾಡಿಕೊಳ್ಳಿ. ಆಟೊದ ನಂಬರನ್ನು ಮನೆಗೆ ಕಳಿಸಿ, ಫೋನಿನ ಲೈವ್ ಲೊಕೇಶನ್ ಹಚ್ಚಿಡಿ. ಬೆಟ್ಟದ ಮೇಲೆ ಸಿಗ್ನಲ್ ಕೈಕೊಡಬಹುದು. ಆದ್ದರಿಂದ “ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಇವರಿಗೆ ಮಾಡಿ” ಎಂದು ಮನೆಯವರಿಗೆ ಮೊದಲೇ ಹೇಳಿರಬೇಕು. 112, ಮಹಿಳಾ ಸಹಾಯವಾಣಿ 181 ಎರಡೂ ಫೋನಿನ ಮೊದಲ ಪುಟದಲ್ಲಿರಲಿ. ಪೂರ್ತಿ ಬೆಳಕು ಹರಿಯುವ ತನಕ ಹೊಲಕ್ಕೆ ಇಳಿಯಬೇಡಿ. ಈ ತಾಲ್ಲೂಕಿನಲ್ಲಿ ಆನೆ, ಹಂದಿ, ಹುಲಿ, ಚಿರತೆ ಹೊಲಕ್ಕೆ ಬರುವುದು ರೈತರ ದಿನನಿತ್ಯದ ಸಂಕಟ. ರಸ್ತೆಯಲ್ಲೇ ನಿಂತು ಉದ್ದದ ಲೆನ್ಸಿನಲ್ಲಿ ತೆಗೆಯಿರಿ. ನಿಂತ ಜಾಗವನ್ನು ಆ ಕ್ಷಣವೇ ಇನ್‌ಸ್ಟಾಗ್ರಾಮ್‌ಗೆ ಹಾಕುವುದು ಬೇಡ. ಊರು ಬಿಟ್ಟ ಮೇಲೆ ಹಾಕಿ.

ಶೌಚಾಲಯದ ವಿಷಯವನ್ನು ಇಂಥ ಲೇಖನಗಳಲ್ಲಿ ಯಾರೂ ಬರೆಯುವುದಿಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ದಿನವಿಡೀ ಬಿಸಿಲಲ್ಲಿ ನಿಂತು ಮೂತ್ರದ ಸೋಂಕು ತಂದುಕೊಂಡವರನ್ನು ಕಂಡಿದ್ದೇನೆ. ಗುಂಡ್ಲುಪೇಟೆಯ ಒಳ್ಳೆಯ ಹೋಟೆಲು, ಪೆಟ್ರೋಲ್ ಬಂಕು, ಪರಿಚಯವಾದ ಒಂದು ಮನೆ: ಈ ಮೂರನ್ನು ದಾರಿಯ ನಕ್ಷೆಯಲ್ಲಿ ಬೆಳಕಿನ ದಿಕ್ಕಿನಷ್ಟೇ ಗಮನದಿಂದ ಗುರುತು ಹಾಕಿಕೊಳ್ಳಿ. ಮುಟ್ಟಿನ ದಿನಗಳ ಬೇಕುಬೇಡಗಳಿಗೆ ಕ್ಯಾಮೆರಾ ಚೀಲದಲ್ಲೇ ಒಂದು ಖಾನೆ ಇರಲಿ.

ಆ ಪರಿಚಯದ ಮನೆ ಸಿಗುವುದು ಹೇಗೆ? ಹೊಲಕ್ಕೆ ಕಾಲಿಡುವ ಮುಂಚೆ ಕೇಳುವುದರಿಂದ. ಹೂವಿನ ಕಾಲದಲ್ಲಿ ಕೆಲವು ರೈತರು ಫೋಟೋಗೆ ದುಡ್ಡು ಪಡೆಯುತ್ತಾರೆ. ತುಳಿದ ಗಿಡದ ನಷ್ಟ ಅವರದೇ ಆಗಿರುವಾಗ ಕೊಡುವುದು ನ್ಯಾಯ, ಚೌಕಾಸಿ ಮಾಡಬೇಡಿ. ಗಂಡಸರಿದ್ದರೂ ಮನೆಯ ಹೆಂಗಸರನ್ನು ಮಾತಾಡಿಸಿ. “ಯಾವೂರವ್ವ ನಿಂದು? ಒಬ್ಬಳೇ ಬಂದ್ಯಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ಕುತೂಹಲಕ್ಕಿಂತ ಕಾಳಜಿ ಹೆಚ್ಚು. “ಮೈಸೂರು ಕಣಕ್ಕ, ಫೋಟೋ ತೆಗೆಯೋದೇ ನನ್ನ ಕೆಲಸ, ಮುಂದಿನ ತಿಂಗಳೂ ಬರ್ತೀನಿ” ಎಂದು ನೇರವಾಗಿ ಹೇಳಿ. ಮುಂದಿನ ತಿಂಗಳು ಹೋಗುವಾಗ ಅವರ ಹೊಲದ, ಅವರು ಒಪ್ಪಿದರೆ ಅವರ ಮುಖದ ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ. ಅಲ್ಲಿಂದಾಚೆ ಹೂವು ಯಾವಾಗ ಬಿರಿಯುತ್ತದೆ, ಕೊಯ್ಲು ಯಾವ ದಿನ, ರಾತ್ರಿ ಆನೆ ಎಲ್ಲಿತ್ತು ಎಂಬ ಸುದ್ದಿ ನಿಮ್ಮ ಫೋನಿಗೇ ಬರುತ್ತದೆ. ಯಾವ ಹವಾಮಾನದ ಆ್ಯಪ್ ಕೂಡ ಇಷ್ಟು ಹೇಳಲಾರದು.

ಹೊಟ್ಟೆಪಾಡು

ಬರೀ ಬೆಟ್ಟಗುಡ್ಡದ ಚಿತ್ರ ಮಾರಿ ಬದುಕುವವರು ಜಗತ್ತಿನಲ್ಲೇ ಕಡಿಮೆ. ಬ್ರಿಟನ್ನಿನ ಫೇ ಗಾಡ್ವಿನ್ 1931ರಲ್ಲಿ ಹುಟ್ಟಿದವರು. ಕ್ಯಾಮೆರಾ ಹಿಡಿದದ್ದೇ ಮಕ್ಕಳ ಫೋಟೋ ತೆಗೆಯಲೆಂದು, ಯಾವ ಶಾಲೆಯಲ್ಲೂ ಕಲಿತವರಲ್ಲ. ದಾಂಪತ್ಯ ಮುರಿದ ಮೇಲೆ ಸಾಹಿತಿಗಳ ಭಾವಚಿತ್ರ ತೆಗೆದು ಜೀವನ ನಡೆಸಿದರು, ಭೂದೃಶ್ಯವನ್ನು ಅದರ ಜೊತೆಜೊತೆಗೇ ಬೆಳೆಸಿದರು. ಅವರ ‘ಲ್ಯಾಂಡ್’ ಪುಸ್ತಕ ಬಂದದ್ದು 1985ರಲ್ಲಿ. ನಮ್ಮಲ್ಲೇ ಬೆಂಗಳೂರನ್ನು ನೆಲೆ ಮಾಡಿಕೊಂಡ ಕ್ಲೇರ್ ಆರ್ನಿ ಕಾವೇರಿ ತೀರದ ನೆಲೆಗಳನ್ನು ಚಿತ್ರಿಸಿದ ಕೆಲಸ 1999ರಲ್ಲಿ ಪುಸ್ತಕವಾಯಿತು, ಒಂದೇ ನದಿಯ ಜಾಡು ಹಿಡಿದ ಕೆಲಸ ಅದು. ಇದೇ ಬಂಡೀಪುರ–ಮುದುಮಲೆಯ ಸುತ್ತ ಕೃಪಾಕರ–ಸೇನಾನಿ ವರ್ಷಗಟ್ಟಲೆ ಕಾಡುನಾಯಿಗಳ ಬೆನ್ನು ಹತ್ತಿದ್ದರಿಂದಲೇ ‘ದಿ ಪ್ಯಾಕ್’ ಸಾಕ್ಷ್ಯಚಿತ್ರ ಹುಟ್ಟಿತು, 2010ರಲ್ಲಿ ವೈಲ್ಡ್‌ಸ್ಕ್ರೀನ್‌ನ ಪಾಂಡಾ ಪ್ರಶಸ್ತಿಯೂ ಬಂತು. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಛಾಯಾಗ್ರಹಣದ ವಿಭಾಗವಿದೆ. ಬೆಂಗಳೂರಿನಲ್ಲಿ 1971ರಿಂದ ನಡೆಯುತ್ತಿರುವ ಯೂತ್ ಫೊಟೊಗ್ರಫಿಕ್ ಸೊಸೈಟಿಯಂಥ ಕೂಟದಲ್ಲಿ ನಿಮ್ಮ ಚಿತ್ರವನ್ನು ನಿಷ್ಠುರವಾಗಿ ವಿಮರ್ಶಿಸುವವರು ಸಿಗುತ್ತಾರೆ.

ಆರಂಭದ ಗಿರಾಕಿಗಳನ್ನು ಬೆಟ್ಟದ ಸುತ್ತಲೇ ಹುಡುಕಿ. ಬಂಡೀಪುರದ ಸುತ್ತಲಿನ ರೆಸಾರ್ಟ್, ಹೋಮ್‌ಸ್ಟೇಗಳಿಗೆ ಗೋಡೆಗೂ ವೆಬ್‌ಸೈಟಿಗೂ ಚಿತ್ರ ಬೇಕು. ಬೀಜ, ಗೊಬ್ಬರದ ಕಂಪನಿಗಳಿಗೆ ಬೆಳೆಯ ಚಿತ್ರ ಬೇಕು. ಕನ್ನಡ ಪತ್ರಿಕೆಗಳ ಪುರವಣಿಗೆ ಬರಹದ ಜೊತೆಗೇ ಚಿತ್ರ ಕೊಡುವವರು ಬೇಕು, ಹಾಗಾಗಿ ಬರೆಯಲೂ ಕಲಿಯಿರಿ. ಹೆಣ್ಣುಮಕ್ಕಳಿಗೆಂದೇ ಎರಡು ದಿನದ ಕಲಿಕಾ ಶಿಬಿರ ನಡೆಸಬಹುದು. ಒಬ್ಬಳೇ ಬರಲು ಅಂಜುವವರು ಅನೇಕರಿದ್ದಾರೆ, ನಿಮಗಿರುವ ಊರಿನ ಪರಿಚಯಕ್ಕೆ ಅವರು ಸಂತೋಷದಿಂದ ದುಡ್ಡು ಕೊಡುತ್ತಾರೆ.

ದರ ಹೇಳುವಾಗ ಸಂಕೋಚ ಬೇಡ, ಲೆಕ್ಕ ಬೇಕು. ಉದಾಹರಣೆಗೆ ಕ್ಯಾಮೆರಾ, ಲೆನ್ಸ್‌ಗಳ ಸವಕಳಿ ವರ್ಷಕ್ಕೆ 40,000. ಓಡಾಟ, ವಸತಿ 30,000. ವಿಮೆ, ಸಾಫ್ಟ್‌ವೇರ್, ಹಾರ್ಡ್‌ಡಿಸ್ಕ್ 20,000. ಮನೆ ಖರ್ಚಿಗೆ 3,00,000. ಒಟ್ಟು 3,90,000. ವರ್ಷದಲ್ಲಿ ದುಡ್ಡು ಹುಟ್ಟುವ ದಿನ 80 ಎಂದುಕೊಂಡರೆ ದಿನಕ್ಕೆ 4,875 ರೂಪಾಯಿ ಬಂದರಷ್ಟೇ ಸಮಸಮ. ನಿಮ್ಮ ಅಂಕಿಗಳನ್ನು ಹಾಕಿ ಇದೇ ರೀತಿ ಕೂಡಿಸಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. “ಹೆಸರು ಹಾಕುತ್ತೇವೆ, ದುಡ್ಡಿಲ್ಲ” ಎನ್ನುವವರಿಗೆ ಮರ್ಯಾದೆಯಿಂದ ಇಲ್ಲವೆನ್ನಿ.

ಕಾನೂನಿನ ಒಂದು ಸೂಕ್ಷ್ಮ ಬಹಳ ಜನರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವಾಗಿ ತೆಗೆದ ಚಿತ್ರ ನಿಮ್ಮದು. ನೀವು ಬದುಕಿರುವವರೆಗೂ, ತೀರಿಕೊಂಡ ಮುಂದಿನ ವರ್ಷದಿಂದ ಮತ್ತೆ 60 ವರ್ಷವೂ ಅದರ ಹಕ್ಕು ಉಳಿಯುತ್ತದೆ. ಆದರೆ ಬೇರೆಯವರು ದುಡ್ಡು ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಹಕ್ಕನ್ನು ಬರವಣಿಗೆಯಲ್ಲಿ ವರ್ಗಾಯಿಸುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ಆದ್ದರಿಂದ ಕೆಲಸ ಒಪ್ಪುವ ಮುಂಚೆ ಹೀಗೊಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ: “ಈ ಚಿತ್ರಗಳ ಕೃತಿಸ್ವಾಮ್ಯ ಛಾಯಾಗ್ರಾಹಕಿಯದು. ರೆಸಾರ್ಟಿನ ವೆಬ್‌ಸೈಟ್ ಮತ್ತು ಕೋಣೆಯ ಗೋಡೆಗಳಿಗೆ ಮಾತ್ರ ಎರಡು ವರ್ಷ ಬಳಸಬಹುದು. ಜಾಹೀರಾತಿಗೆ ಬೇರೆ ದರ.” ಸ್ಪರ್ಧೆಗೆ ಚಿತ್ರ ಕಳಿಸುವಾಗಲೂ ನಿಯಮ ಓದಿ. ಭಾಗವಹಿಸಿದವರ ಚಿತ್ರಗಳ ಹಕ್ಕೆಲ್ಲ ತಮ್ಮದೆಂದು ಬರೆದುಕೊಂಡಿದ್ದರೆ ದೂರವಿರಿ.

ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲಿನಲ್ಲಿ ಉಚಿತ, ಅದಕ್ಕೆ ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮೊದಲ ಲೆನ್ಸಿಗೆ ಸಾಲ ಬೇಕಾದರೆ ಮುದ್ರಾದ ಶಿಶು ವರ್ಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಕ್ಯಾಮೆರಾದ ಬಿಲ್ಲು, ಸೀರಿಯಲ್ ನಂಬರ್ ಜೋಪಾನ; ವಿಮೆಗೂ ಪೊಲೀಸ್ ದೂರಿಗೂ ಅದೇ ಆಧಾರ.

ಹೊಸ ವರ್ಷದ ಕ್ಯಾಲೆಂಡರ್ ಕೆಲಸ ಬೇಕೆಂದರೆ ಡಿಸೆಂಬರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ. ಮುದ್ರಣದ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಜುಲೈನ ಚೆಂಡು ಹೂವು, ಆಗಸ್ಟ್‌ನ ಮಂಜು, ಹಿಂದಿನ ಬೇಸಿಗೆಯ ಮುತ್ತುಗ, ಚಳಿಗಾಲದ ಅರಿಶಿನದ ಹೊಲ ಸೇರಿಸಿ ತಿಂಗಳಿಗೊಂದರಂತೆ ಹನ್ನೆರಡು ಚಿತ್ರಗಳ ಕಡತವನ್ನು ಆಗಸ್ಟ್ ಕೊನೆಗೆ ಸಿದ್ಧಮಾಡಿ. ಜಿಲ್ಲೆಯ ಸಹಕಾರಿ ಬ್ಯಾಂಕು, ರೈತ ಸಂಸ್ಥೆ, ಶಾಲೆ, ರೆಸಾರ್ಟುಗಳಿಗೆ ಸೆಪ್ಟೆಂಬರ್ ಮೊದಲ ವಾರ ಖುದ್ದಾಗಿ ಹೋಗಿ ತೋರಿಸಿ, ದರದ ಚೀಟಿಯನ್ನೂ ಜೊತೆಗೇ ಕೊಟ್ಟು ಬನ್ನಿ.